ವಿಸ್ಮಯದ ಜೋಳಿಗೆ, ಕಳೆದುಹೋದ ವಿಳಾಸ

ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಕಾಫಿ ಯಂತ್ರವೊಂದಿತ್ತು. ಕುಡಿಯುವವರು ಹಲವರು, ಯಂತ್ರ ಒಂದೇ. ದೂರದ ಕೋಣೆಗಳಲ್ಲಿ ಕುಳಿತವರು ಮೆಟ್ಟಿಲಿಳಿದು ಬರುವಷ್ಟರಲ್ಲಿ ಪಾತ್ರೆ ಬರಿದಾಗಿರುತ್ತಿತ್ತು. ಬೇಸತ್ತ ಸಂಶೋಧಕರು 1991ರಲ್ಲಿ ಆ ಪಾತ್ರೆಯ ಎದುರು ಒಂದು ಕ್ಯಾಮೆರಾ ನಿಲ್ಲಿಸಿದರು. ಪಾತ್ರೆಯಲ್ಲಿ ಕಾಫಿ ಇದೆಯೋ ಇಲ್ಲವೋ ಎಂಬುದು ಕುಳಿತಲ್ಲೇ ಪರದೆಯ ಮೇಲೆ ಕಾಣುವಂತಾಯಿತು. 1993ರ ನವೆಂಬರಿನಲ್ಲಿ ಆ ಚಿತ್ರವನ್ನು ಆಗಷ್ಟೇ ಕಣ್ಣು ಬಿಡುತ್ತಿದ್ದ ವಿಶ್ವವ್ಯಾಪಿ ಜಾಲಕ್ಕೂ ಏರಿಸಲಾಯಿತು.

ಮುಂದೆ ನಡೆದದ್ದು ಯಾರೂ ಊಹಿಸದ ಸಂಗತಿ. ಆ ಕಟ್ಟಡವನ್ನು ಎಂದೂ ನೋಡದ, ಆ ಕಾಫಿಯನ್ನು ಎಂದೂ ಕುಡಿಯಲಾರದ ಲಕ್ಷಾಂತರ ಜನ ದೇಶವಿದೇಶಗಳಿಂದ ಆ ಪಾತ್ರೆಯ ಕಪ್ಪು ಬಿಳುಪು ಚಿತ್ರವನ್ನು ನೋಡಿದರು. 2001ರ ಆಗಸ್ಟ್ 22ರಂದು ಪ್ರಯೋಗಾಲಯ ಬೇರೆ ಕಟ್ಟಡಕ್ಕೆ ಹೋಗುವ ಹೊತ್ತಿನಲ್ಲಿ ಕ್ಯಾಮೆರಾ ಆರಿಸಿದಾಗ ಅದು ಪತ್ರಿಕೆಗಳಿಗೆ ಸುದ್ದಿಯಾಯಿತು. ಕೆಟ್ಟುಹೋಗಿದ್ದ ಕೊನೆಯ ಯಂತ್ರವನ್ನು ಜರ್ಮನಿಯ 'ಡೇರ್ ಶ್ಪೀಗೆಲ್' ಪತ್ರಿಕೆಯ ಜಾಲ ವಿಭಾಗ ಹರಾಜಿನಲ್ಲಿ 3,350 ಪೌಂಡು ಕೊಟ್ಟು ಕೊಂಡಿತು.

ಇದರಲ್ಲಿ ನೋಡುವುದಕ್ಕೆ ಏನಿತ್ತು? ಏನೂ ಇರಲಿಲ್ಲ. ಆದರೆ ನೋಡಿದವರು ಇನ್ನೊಬ್ಬರಿಗೆ 'ಇದನ್ನು ಕಂಡಿರಾ?' ಎಂದು ಹೇಳದೆ ಇರಲಾಗುತ್ತಿರಲಿಲ್ಲ. ಹಾಗೆ ಹೇಳುವಾಗ ಅವರು ಚಿತ್ರವನ್ನು ಕಳುಹಿಸುತ್ತಿರಲಿಲ್ಲ. ಚಿತ್ರ ಇರುವ ಜಾಗದ ವಿಳಾಸವನ್ನು ಕಳುಹಿಸುತ್ತಿದ್ದರು. ಸಣ್ಣದಾಗಿ ತೋರುವ ಈ ವ್ಯತ್ಯಾಸದಲ್ಲಿ ದೊಡ್ಡ ಇತಿಹಾಸವೇ ಅಡಗಿದೆ. ಸೋಜಿಗದ ಸಂಗತಿಗಳನ್ನು ಆಯ್ದು ಹಂಚುವುದು ಮನುಷ್ಯನ ಹಳೆಯ ಚಟ. ಅದು ಎಲ್ಲಿ ಸಿಕ್ಕಿತು ಎಂದು ಬರೆದಿಡುವುದು ಮಾತ್ರ ಕಷ್ಟಪಟ್ಟು ಕಲಿತ ಅಭ್ಯಾಸ. ಕಲಿತದ್ದನ್ನು ನಾವು ಎಷ್ಟು ಬೇಗ ಮರೆತೆವು, ಮರೆತದ್ದಕ್ಕೆ ಯಾವ ಬೆಲೆ ತೆತ್ತೆವು ಎಂಬುದನ್ನು ಇಲ್ಲಿ ನೋಡಬಹುದು.

ಕೊಂಬು ಯಾರದ್ದು?

ಹದಿನಾರು, ಹದಿನೇಳನೇ ಶತಮಾನಗಳ ಯುರೋಪಿನಲ್ಲಿ ಶ್ರೀಮಂತರೂ ವಿದ್ವಾಂಸರೂ ತಮ್ಮ ಮನೆಗಳಲ್ಲಿ 'ವಿಸ್ಮಯದ ಕೋಣೆ'ಗಳನ್ನು ಇಟ್ಟುಕೊಳ್ಳುತ್ತಿದ್ದರು. ದೂರದ ಸಮುದ್ರದ ಚಿಪ್ಪು, ಒಣಗಿದ ಮೊಸಳೆ, ವಿಚಿತ್ರ ಆಕಾರದ ಕಲ್ಲು, ಹಳೆಯ ನಾಣ್ಯ, ಪರದೇಶದ ಆಯುಧ ಎಲ್ಲವೂ ಒಂದೇ ಕೋಣೆಯಲ್ಲಿ. ಮನೆಗೆ ಬಂದ ಅತಿಥಿಗಳಿಗೆ ಅದನ್ನು ತೋರಿಸುವುದು ಗೌರವದ ಮಾತಾಗಿತ್ತು. ಇಂದಿನ ವಸ್ತು ಸಂಗ್ರಹಾಲಯಗಳಿಗೆ ಈ ಕೋಣೆಗಳೇ ಪೂರ್ವಜರು.

ಇಂಥ ಕೋಣೆಗಳ ಪೈಕಿ ಕೋಪನ್‌ಹೇಗನ್ ನಗರದ ವೈದ್ಯ ಓಲೆ ವರ್ಮ್ ಎಂಬಾತನದು ಬಹಳ ಪ್ರಸಿದ್ಧ. ಆ ಕಾಲದ ಸಂಗ್ರಹಗಳಲ್ಲಿ ಅತಿ ಹೆಚ್ಚಿನ ಬೆಲೆಯ ವಸ್ತುವೆಂದರೆ ಏಕಶೃಂಗಿ ಕುದುರೆಯ ಕೊಂಬು. ಉದ್ದವಾದ, ನೇರವಾದ, ಸುರುಳಿ ಗೆರೆಗಳ ಈ ಬಿಳಿ ಕೊಂಬು ವಿಷವನ್ನು ಇಳಿಸುತ್ತದೆಂಬ ನಂಬಿಕೆಯಿತ್ತು. ರಾಜರು ಅದಕ್ಕೆ ಹಣ ಸುರಿಯುತ್ತಿದ್ದರು. ಅದನ್ನು ಹೊತ್ತ ಕುದುರೆಯನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ.

ವರ್ಮ್ ಒಂದು ಸರಳ ಪ್ರಶ್ನೆ ಕೇಳಿದ: ಈ ಕೊಂಬು ಎಲ್ಲಿಂದ ಬಂತು? ಉತ್ತರ ಸಮುದ್ರಗಳಿಂದ ಬಂದ ಒಂದು ತಲೆಬುರುಡೆಗೆ ಆ 'ಕೊಂಬು' ಇನ್ನೂ ಅಂಟಿಕೊಂಡೇ ಇತ್ತು. ಅದನ್ನು ಪರೀಕ್ಷಿಸಿದ ಅವನು 1638ರಲ್ಲಿ ಅದು ಕುದುರೆಯದ್ದಲ್ಲ, ಕೊಂಬೂ ಅಲ್ಲ, ನಾರ್ವಾಲ್ ಎಂಬ ತಿಮಿಂಗಿಲ ಜಾತಿಯ ಪ್ರಾಣಿಯ ಹಲ್ಲು ಎಂದು ತೋರಿಸಿಕೊಟ್ಟ. ವಿಷ ಇಳಿಸುವ ಗುಣದ ನಂಬಿಕೆಯನ್ನು ಅವನೂ ಪೂರ್ತಿ ಬಿಟ್ಟಿರಲಿಲ್ಲ ಎಂಬುದು ಬೇರೆ ಮಾತು. ಆದರೂ ಒಂದು ಸತ್ಯ ಸ್ಥಿರವಾಯಿತು. ವಸ್ತುವಿನ ಮೂಲ ತಿಳಿದೊಡನೆ ಸುಳ್ಳು ತಾನಾಗಿ ಉದುರಿತು. ವಿಸ್ಮಯ ಮಾತ್ರ ಉದುರಲಿಲ್ಲ. ಕುದುರೆಯ ಕೊಂಬಿಗಿಂತ ತಿಮಿಂಗಿಲದ ಸುರುಳಿ ಹಲ್ಲು ಕಡಿಮೆ ಸೋಜಿಗವೇನಲ್ಲ.

ವಸ್ತುಗಳಂತೆ ಮಾತುಗಳ ಸಂಗ್ರಹವೂ ನಡೆದಿತ್ತು. ಓದಿದ ಪುಸ್ತಕಗಳಲ್ಲಿ ರುಚಿಸಿದ್ದನ್ನು ಒಂದು ಖಾಲಿ ಹೊತ್ತಗೆಗೆ ಇಳಿಸಿಕೊಳ್ಳುವುದು ಯುರೋಪಿನ ವಿದ್ಯಾವಂತರ ಪದ್ಧತಿ. ತತ್ತ್ವಜ್ಞಾನಿ ಜಾನ್ ಲಾಕ್ ಅದಕ್ಕೊಂದು ಅಕಾರಾದಿ ಸೂಚಿಯ ಕ್ರಮವನ್ನು ರೂಪಿಸಿ 1686ರಲ್ಲಿ ಪ್ರಕಟಿಸಿದ. ಬರೆದುಕೊಂಡ ಮಾತಿನ ಜೊತೆಗೆ ಗ್ರಂಥಕರ್ತನ ಹೆಸರು, ಪುಸ್ತಕದ ಹೆಸರು, ಮುದ್ರಣದ ಸ್ಥಳ, ಪುಟ ಎಲ್ಲವನ್ನೂ ದಾಖಲಿಸಬೇಕು ಎಂಬುದು ಅವನ ಕ್ರಮದ ಭಾಗವಾಗಿತ್ತು.

ಕತ್ತರಿ ಮತ್ತು ಅಂಟು

ಪತ್ರಿಕೆಗಳ ಯುಗ ಬಂದ ಮೇಲೆ ಈ ಶಿಸ್ತು ಸಡಿಲವಾಯಿತು. ಅಮೆರಿಕದಲ್ಲಿ 1792ರ ಅಂಚೆ ಕಾಯಿದೆ ಪತ್ರಿಕಾ ಮುದ್ರಕರಿಗೆ ಒಂದು ವಿಶೇಷ ಸೌಲಭ್ಯ ಕೊಟ್ಟಿತು. ಒಂದು ಊರಿನ ಪತ್ರಿಕೆಯವನು ತನ್ನ ಪತ್ರಿಕೆಯ ಪ್ರತಿಯನ್ನು ಇನ್ನೊಂದು ಊರಿನ ಪತ್ರಿಕೆಯವನಿಗೆ ಅಂಚೆ ವೆಚ್ಚವಿಲ್ಲದೆ ಕಳುಹಿಸಬಹುದಿತ್ತು. ಸಂಪಾದಕನ ಮೇಜಿನ ಮೇಲೆ ದಿನವೂ ಹತ್ತಾರು ಊರಿನ ಪತ್ರಿಕೆಗಳು ಬಂದು ಬೀಳುತ್ತಿದ್ದವು. ಅವನು ಕತ್ತರಿ ಹಿಡಿದು ಕೂರುತ್ತಿದ್ದ. ನಗೆಹನಿ, ಎರಡು ತಲೆಯ ಕರು, ನೂರು ದಾಟಿದ ಅಜ್ಜಿ, ಮನೆಮದ್ದು ಎಲ್ಲವೂ ಊರಿಂದೂರಿಗೆ ಪ್ರಯಾಣ ಮಾಡಿದವು. ಪ್ರಯಾಣದ ದಾರಿಯಲ್ಲಿ ಮೂಲ ಪತ್ರಿಕೆಯ ಹೆಸರೂ ಬರೆದವನ ಹೆಸರೂ ಎಷ್ಟೋ ಸಲ ಕಳಚಿ ಬೀಳುತ್ತಿದ್ದವು.

ಓದುಗರೂ ಹಿಂದೆ ಬೀಳಲಿಲ್ಲ. ಕತ್ತರಿಸಿದ ತುಣುಕುಗಳನ್ನು ಪುಸ್ತಕಕ್ಕೆ ಅಂಟಿಸುವ ಹವ್ಯಾಸ ಮನೆಮನೆಗೂ ಹಬ್ಬಿತು. ಪ್ರಸಿದ್ಧ ಹಾಸ್ಯ ಸಾಹಿತಿ ಮಾರ್ಕ್ ಟ್ವೇನ್ ಅಂಟಿಗಾಗಿ ಹುಡುಕಾಡಿ ರೋಸಿಹೋಗಿ, ಪುಟಗಳಲ್ಲಿ ಮೊದಲೇ ಅಂಟು ಸವರಿದ, ನೀರು ತಾಕಿಸಿದರೆ ಸಾಕಾಗುವ ಪುಸ್ತಕವೊಂದನ್ನು ರೂಪಿಸಿ 1873ರಲ್ಲಿ ಪೇಟೆಂಟ್ ಪಡೆದ. ಅದು ಚೆನ್ನಾಗಿಯೇ ಮಾರಾಟವಾಯಿತು.

ಇಂಗ್ಲೆಂಡಿನಲ್ಲಿ ಜಾರ್ಜ್ ನ್ಯೂನ್ಸ್ ಎಂಬಾತ ಈ ಹವ್ಯಾಸವನ್ನೇ ಉದ್ಯಮವಾಗಿಸಿದ. 1881ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರಿನಿಂದ ಹೊರಟ ಅವನ 'ಟಿಟ್-ಬಿಟ್ಸ್' ವಾರಪತ್ರಿಕೆಯಲ್ಲಿ ಇದ್ದದ್ದು ಜಗತ್ತಿನ ಪುಸ್ತಕ, ಪತ್ರಿಕೆಗಳಿಂದ ಆಯ್ದ ತುಣುಕುಗಳೇ. ರೈಲಿನಲ್ಲಿ, ಟ್ರಾಮಿನಲ್ಲಿ ಓದಿ ಮುಗಿಸಬಹುದಾದ ಸರಕು. ಹೊಸದಾಗಿ ಅಕ್ಷರ ಕಲಿತಿದ್ದ ಸಾಮಾನ್ಯ ಜನ ಅದನ್ನು ಮುಗಿಬಿದ್ದು ಕೊಂಡರು.

ಈ ಪರಂಪರೆಯ ಪೈಕಿ ನಮ್ಮಲ್ಲಿ ಹೆಚ್ಚು ಪರಿಚಿತವಾದದ್ದು 'ನಂಬಿದರೆ ನಂಬಿ, ಬಿಟ್ಟರೆ ಬಿಡಿ' ಎಂಬ ಧಾಟಿಯ ರಾಬರ್ಟ್ ರಿಪ್ಲಿಯ ಚಿತ್ರ ಅಂಕಣ. 1918ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಶುರುವಾದ ಇದು ಮುಂದೆ ಜಗತ್ತಿನಾದ್ಯಂತ ಮುದ್ರಣವಾಯಿತು. ಹೆಸರು, ಹಣ ಎರಡೂ ರಿಪ್ಲಿಗೆ ಬಂದವು. ಆದರೆ ಅವನ ಬೆನ್ನ ಹಿಂದೆ ನಾರ್ಬರ್ಟ್ ಪರ್ಲ್‌ರಾತ್ ಎಂಬ ಬಹುಭಾಷಾ ಬಲ್ಲವನೊಬ್ಬನಿದ್ದ. 1923ರಿಂದ 1975ರವರೆಗೆ, ಸುಮಾರು 52 ವರ್ಷ, ಆತ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಈ ಅಂಕಣಕ್ಕಾಗಿ ಪುಸ್ತಕಗಳನ್ನು ಜಾಲಾಡಿದ. ಓದುಗರು 'ಇದಕ್ಕೆ ಸಾಕ್ಷಿ ಏನು?' ಎಂದು ಕೇಳಿ ಬರೆದಾಗ ಉತ್ತರ ಕೊಡಲು ಸಾಧ್ಯವಾದದ್ದು ಇಂಥ ದುಡಿಮೆಯಿಂದಲೇ. ಮೂರು ಸಾಲಿನ ಒಂದು ಸೋಜಿಗದ ಹಿಂದೆ ಇಡೀ ದಿನದ ಹುಡುಕಾಟ ಇರಬಹುದೆಂದು ಓದುಗನಿಗೆ ಹೊಳೆಯುವುದೇ ಇಲ್ಲ.

ಕನ್ನಡದ ಜೋಳಿಗೆ

ಆಯ್ದು ಪೋಣಿಸುವ ಕೆಲಸ ಕನ್ನಡಕ್ಕೂ ಹೊಸದಲ್ಲ. ಹದಿಮೂರನೇ ಶತಮಾನದಲ್ಲಿ ಮಲ್ಲಿಕಾರ್ಜುನ ಕವಿ ಸಂಕಲಿಸಿದ 'ಸೂಕ್ತಿಸುಧಾರ್ಣವ' ಹಿಂದಿನ ಕವಿಗಳ ಪದ್ಯಗಳನ್ನು ಸಮುದ್ರ, ಪರ್ವತ, ಪಟ್ಟಣ, ಋತು ಮುಂತಾದ ವರ್ಣನೆಗಳ ಪ್ರಕಾರ ಜೋಡಿಸಿದ ಗ್ರಂಥ. ಈತ 'ಶಬ್ದಮಣಿದರ್ಪಣ'ದ ಕೇಶಿರಾಜನ ತಂದೆ. ಇಂದು ಪೂರ್ತಿಯಾಗಿ ಸಿಗದ ಎಷ್ಟೋ ಕಾವ್ಯಗಳ ಪದ್ಯಗಳು ಉಳಿದುಬಂದಿರುವುದು ಇಂಥ ಸಂಕಲನಗಳಲ್ಲಿಯೇ. ಒಂದನೆಯ ಗುಣವರ್ಮನ 'ಶೂದ್ರಕ'ದ ಓಲೆಗರಿ ನಮಗೆ ದಕ್ಕಿಲ್ಲ. ಅದರ ಬಿಡಿ ಪದ್ಯಗಳನ್ನು ಯಾರೋ ಮೆಚ್ಚಿ ಎತ್ತಿಟ್ಟುಕೊಂಡದ್ದರಿಂದ ಅಂಥದೊಂದು ಕಾವ್ಯ ಹೇಗಿತ್ತೆಂದು ಊಹಿಸುವಷ್ಟಾದರೂ ಸಾಧ್ಯವಾಗಿದೆ. ಸಂಗ್ರಾಹಕನ ಉಪಕಾರ ಎಂಥದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ವಿಳಾಸದ ಉಪಕಾರಕ್ಕೂ ನಮ್ಮಲ್ಲೇ ನಿದರ್ಶನವಿದೆ. ಬಿ.ಎಲ್. ರೈಸ್ 1886ರಿಂದ ಪ್ರಕಟಿಸುತ್ತ ಬಂದ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಸಾವಿರಾರು ಶಾಸನಗಳಿವೆ. ಅವು ತಾಲ್ಲೂಕುವಾರು ಸಂಖ್ಯೆ ಪಡೆದಿವೆ. ಶಾಸನದ ಪಾಠದ ಜೊತೆಗೆ ಕಲ್ಲು ಯಾವ ಊರಿನಲ್ಲಿ, ಎಲ್ಲಿ ನಿಂತಿದೆ ಎಂಬ ವಿವರವೂ ಇದೆ. ಬೆಂಗಳೂರಿನ ಕಾಳಗವನ್ನು ಹೆಸರಿಸುವ, ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲನ್ನೇ ತೆಗೆದುಕೊಳ್ಳಿ. ಅದು ಸಿಕ್ಕಿದ್ದು ಇಂದಿನ ಬೆಂಗಳೂರಿನ ಅಂಚಿನ ಬೇಗೂರಿನಲ್ಲಿ ಎಂಬ ವಿವರ ಇರುವುದರಿಂದಲೇ ಅದರಲ್ಲಿನ ಹೆಸರಿಗೆ ಅಷ್ಟು ತೂಕ. ಎಲ್ಲಿಂದಲೋ ಯಾರೋ ಹೊತ್ತು ತಂದು ಹಾಕಿದ ಕಲ್ಲಾಗಿದ್ದರೆ ಅದರ ಮಾತಿಗೆ ಅರ್ಧ ಬೆಲೆಯೂ ಇರುತ್ತಿರಲಿಲ್ಲ.

ಇತ್ತೀಚಿನ ಕಾಲಕ್ಕೆ ಬಂದರೆ 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ 'ಕಸ್ತೂರಿ' ಮಾಸಪತ್ರಿಕೆಯನ್ನು ನೆನೆಯದಿರಲಾಗದು. ಅಮೆರಿಕದಲ್ಲಿ 1922ರಲ್ಲಿ ಆರಂಭವಾದ 'ರೀಡರ್ಸ್ ಡೈಜೆಸ್ಟ್' ಮಾದರಿಯಲ್ಲಿ ರೂಪುಗೊಂಡ ಈ ಪತ್ರಿಕೆಯನ್ನು ಪಾ.ವೆಂ. ಆಚಾರ್ಯರು ದೀರ್ಘ ಕಾಲ ಸಂಪಾದಿಸಿದರು. ಜಗತ್ತಿನ ಮೂಲೆ ಮೂಲೆಯ ಸೋಜಿಗ, ಪುಸ್ತಕದ ಸಾರ, ನಗೆಹನಿ, ಪದಗಳ ಹುಟ್ಟು ಎಲ್ಲವೂ ಕನ್ನಡದ ಮನೆಗಳಿಗೆ ತಲುಪಿದವು. ಆಚಾರ್ಯರು ವಿನೋದಕ್ಕೆ ಇಟ್ಟುಕೊಂಡ ಹೆಸರು ಲಾಂಗೂಲಾಚಾರ್ಯ. ಲಾಂಗೂಲವೆಂದರೆ ಬಾಲ. ಪ್ರತಿ ಪದಕ್ಕೂ ಅದರ ಹಿಂದಿನ ಬಾಲ ಎಷ್ಟು ಉದ್ದವಿದೆ ಎಂದು ಹುಡುಕುತ್ತಿದ್ದ ಲೇಖಕನಿಗೆ ಒಪ್ಪುವ ಹೆಸರೇ ಅದು.

ಕೊಂಡಿಗಳ ಸುಗ್ಗಿ

ಜಾಲದ ಕತೆಗೆ ಮರಳೋಣ. ಜಿನೀವಾ ಸಮೀಪದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ರೂಪಿಸಿದ ವಿಶ್ವವ್ಯಾಪಿ ಜಾಲವನ್ನು 1993ರ ಏಪ್ರಿಲ್ 30ರಂದು ಎಲ್ಲರ ಮುಕ್ತ ಬಳಕೆಗೆ ಬಿಟ್ಟುಕೊಡಲಾಯಿತು. ಅದೇ ವರ್ಷ ಬಂದ 'ಮೊಸಾಯಿಕ್' ಎಂಬ ತಂತ್ರಾಂಶದಿಂದ ಚಿತ್ರಸಹಿತ ಪುಟಗಳನ್ನು ನೋಡುವುದು ಸಾಮಾನ್ಯರಿಗೂ ಸಾಧ್ಯವಾಯಿತು. ಪುಟಗಳು ಹೆಚ್ಚತೊಡಗಿದವು. ಯಾವುದು ಎಲ್ಲಿದೆ ಎಂದು ತಿಳಿಯಲು ಇಂದಿನಂಥ ಹುಡುಕು ಯಂತ್ರಗಳು ಇರಲಿಲ್ಲ. ಆದ್ದರಿಂದ ಹುಡುಕಿದವನು ಇನ್ನೊಬ್ಬನಿಗೆ ಹೇಳುವುದೇ ದಾರಿ.

1994ರ ಜನವರಿಯಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಜೆರಿ ಯಾಂಗ್ ಮತ್ತು ಡೇವಿಡ್ ಫಿಲೊ ತಮಗೆ ಇಷ್ಟವಾದ ಪುಟಗಳ ಪಟ್ಟಿ ಮಾಡತೊಡಗಿದರು. ಅದೇ ಮುಂದೆ 'ಯಾಹೂ' ಆಯಿತು. ಅದೇ ತಿಂಗಳು ಜಸ್ಟಿನ್ ಹಾಲ್ ಎಂಬ ಕಾಲೇಜು ಹುಡುಗ ತಾನು ಕಂಡ ವಿಚಿತ್ರ ಪುಟಗಳ ಕೊಂಡಿಗಳನ್ನು ತನ್ನ ಪುಟದಲ್ಲಿ ಹಾಕಲಾರಂಭಿಸಿದ. ಅದೇ ವರ್ಷದ ಆಗಸ್ಟಿನಲ್ಲಿ ಗ್ಲೆನ್ ಡೇವಿಸ್ ಎಂಬಾತ ದಿನಕ್ಕೊಂದರಂತೆ ಸ್ವಾರಸ್ಯದ ತಾಣವನ್ನು ಆರಿಸಿ ಹೇಳುವ ಪದ್ಧತಿ ಶುರುಮಾಡಿದ.

1997ರ ಡಿಸೆಂಬರ್ 17ರಂದು ಜಾರ್ನ್ ಬಾರ್ಗರ್ ಎಂಬ ಅಮೆರಿಕದ ವ್ಯಕ್ತಿ ಇದಕ್ಕೊಂದು ಹೆಸರಿಟ್ಟ. ಹಡಗಿನ ನಾವಿಕ ದಿನದಿನದ ಪ್ರಯಾಣವನ್ನು ಬರೆದಿಡುವ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ 'ಲಾಗ್' ಎನ್ನುತ್ತಾರೆ. ಜಾಲದಲ್ಲಿ ತಾನು ದಿನವೂ ಕಂಡದ್ದರ ದಾಖಲೆಗೆ ಆತ 'ವೆಬ್‌ಲಾಗ್' ಎಂದ. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ಎಂಬುವನು ವಿನೋದಕ್ಕಾಗಿ ಆ ಪದವನ್ನು ಬೇರೆ ರೀತಿ ಒಡೆದು 'ಬ್ಲಾಗ್' ಎಂದದ್ದು ಜಗತ್ತಿಗೆಲ್ಲ ರೂಢಿಯಾಯಿತು. ಬ್ಲಾಗ್ ಎಂದರೆ ಸ್ವಂತ ಬರವಣಿಗೆ ಎಂಬ ಅರ್ಥ ಬಂದದ್ದು ಆಮೇಲೆ. ಮೊದಲಿಗೆ ಅದು ದಾರಿಯಲ್ಲಿ ಸಿಕ್ಕಿದ್ದನ್ನು ತುಂಬಿಕೊಳ್ಳುವ ಜೋಳಿಗೆಯೇ ಆಗಿತ್ತು.

ಈ ಪುಟಗಳ ರಚನೆ ಬಹಳ ಸರಳ. ಒಂದು ಸಾಲಿನ ವಿವರಣೆ, ಒಂದು ಕೊಂಡಿ. ಕೊಂಡಿಯನ್ನು ಒತ್ತಿದರೆ ಓದುಗ ನೇರವಾಗಿ ಮೂಲ ಪುಟದ ಅಂಗಳಕ್ಕೆ ಹೋಗಿ ನಿಲ್ಲುತ್ತಿದ್ದ. ಬರೆದವರು ಯಾರು, ಯಾವಾಗ, ಹಿಂದುಮುಂದು ಏನು ಎಂಬುದೆಲ್ಲ ಅವನ ಕಣ್ಣಿಗೇ ಬೀಳುತ್ತಿತ್ತು. ಲಾಕ್ ಕೈಯಾರೆ ಬರೆಯುತ್ತಿದ್ದುದನ್ನು ಜಾಲ ತಾನಾಗಿ ಮಾಡಿಕೊಟ್ಟಿತು.

ಜೊತೆಗೆ ಒಂದು ಸೌಜನ್ಯವೂ ಬೆಳೆಯಿತು. ತಾನು ನೇರವಾಗಿ ಕಂಡದ್ದಲ್ಲ, ಇಂಥವರ ಪುಟದಲ್ಲಿ ನೋಡಿದ್ದು ಎಂದು ಕೊನೆಯಲ್ಲಿ ಒಂದು ಪದ ಸೇರಿಸಿ ಅವರಿಗೂ ಕೊಂಡಿ ಕೊಡುವುದು. ಮಾಡಿದವನಿಗೂ ನಮಸ್ಕಾರ, ಹುಡುಕಿದವನಿಗೂ ನಮಸ್ಕಾರ. ಹೀಗೆ ಯಾವುದಾದರೂ ಜನಪ್ರಿಯ ಪುಟದಲ್ಲಿ ಕೊಂಡಿ ಬಿದ್ದರೆ ಸಣ್ಣ ತಾಣಗಳಿಗೆ ಜನಸಾಗರವೇ ನುಗ್ಗಿ ಕಂಪ್ಯೂಟರುಗಳು ಕುಸಿದುಬೀಳುತ್ತಿದ್ದವು. 1997ರಲ್ಲಿ ಶುರುವಾದ 'ಸ್ಲ್ಯಾಶ್‌ಡಾಟ್' ತಾಣದಿಂದ ಹೀಗಾಗುವುದು ಎಷ್ಟು ಸಾಮಾನ್ಯವಾಯಿತೆಂದರೆ ಆ ವಿದ್ಯಮಾನಕ್ಕೆ ಆ ತಾಣದ ಹೆಸರೇ ಬಂತು.

ಪುಟ ಅಳಿದರೆ ಏನು ಗತಿ?

ಈ ವ್ಯವಸ್ಥೆಗೆ ಒಂದು ದೌರ್ಬಲ್ಯವಿತ್ತು. ವಿಳಾಸ ಇದ್ದರೂ ಮನೆಯೇ ಬಿದ್ದುಹೋದರೆ? 1982ರ ಸೆಪ್ಟೆಂಬರ್ 19ರಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸ್ಕಾಟ್ ಫಾಲ್ಮನ್, ಕಂಪ್ಯೂಟರ್ ಚರ್ಚೆಯಲ್ಲಿ ತಮಾಷೆಯನ್ನು ಗುರುತಿಸಲು ವಿರಾಮ ಚಿಹ್ನೆಗಳಿಂದ ನಗುಮುಖ ಬರೆಯಬಹುದೆಂದು ಸೂಚಿಸಿದ. ಚಿಹ್ನೆ ಜಗತ್ತನ್ನೇ ಸುತ್ತಿತು. ಆದರೆ ಮೂಲ ಸಂದೇಶವನ್ನು ಯಾರೂ ಉಳಿಸಿರಲಿಲ್ಲ. ಇಪ್ಪತ್ತು ವರ್ಷಗಳ ಬಳಿಕ, 2002ರಲ್ಲಿ, ಹಳೆಯ ಟೇಪುಗಳನ್ನು ತಡಕಿ ಅದನ್ನು ಹೊರತೆಗೆಯಬೇಕಾಯಿತು.

ಎಲ್ಲಕ್ಕೂ ಅಂಥ ಅದೃಷ್ಟವಿಲ್ಲ. ಸಾಮಾನ್ಯ ಜನ ತಮ್ಮ ಹವ್ಯಾಸ, ಸಂಗ್ರಹ, ಊರಿನ ಕತೆಗಳನ್ನು ತುಂಬಿಸಿದ್ದ 'ಜಿಯೊಸಿಟೀಸ್' ಎಂಬ ಬೃಹತ್ ತಾಣವನ್ನು ಯಾಹೂ 1999ರಲ್ಲಿ ಕೊಂಡು, 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಕೆಲವು ಸ್ವಯಂಸೇವಕರು ಹಗಲಿರುಳು ಕುಳಿತು ಸಾಧ್ಯವಾದಷ್ಟನ್ನು ಪ್ರತಿ ಮಾಡಿಕೊಂಡರು. ಜನ ತಮ್ಮ ಮೆಚ್ಚಿನ ಕೊಂಡಿಗಳನ್ನು ಸಂಗ್ರಹಿಸಿ ಹಂಚಲೆಂದು 2003ರಲ್ಲಿ ಜೋಶುವಾ ಶಾಕ್ಟರ್ ರೂಪಿಸಿದ 'ಡಿಲಿಶಸ್' ಕೈಯಿಂದ ಕೈಗೆ ಮಾರಾಟವಾಗಿ 2017ರಲ್ಲಿ ಹೊಸ ಕೊಂಡಿ ಸೇರಿಸುವ ಸೌಲಭ್ಯವನ್ನೇ ಕಳೆದುಕೊಂಡಿತು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳಲ್ಲಿ ಇಲ್ಲವಾಗಿದ್ದವು.

ಈ ನಷ್ಟವನ್ನು ಮೊದಲೇ ಕಂಡವರಲ್ಲಿ ಬ್ರೂಸ್ಟರ್ ಕೇಲ್ ಒಬ್ಬ. 1996ರಲ್ಲಿ ಆತ ಸ್ಥಾಪಿಸಿದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆ ಜಾಲಪುಟಗಳ ಪ್ರತಿಗಳನ್ನು ದಿನಾಂಕ ಸಹಿತ ಕಾಪಿಡುತ್ತಿದೆ. 2001ರಿಂದ ಅವುಗಳನ್ನು ಯಾರು ಬೇಕಾದರೂ ತೆರೆದು ನೋಡಬಹುದಾಗಿದೆ. ಮಲ್ಲಿಕಾರ್ಜುನ ಕವಿ ಓಲೆಗರಿಗೆ ಮಾಡಿದ ಉಪಕಾರವನ್ನು ಇದು ಪರದೆಗೆ ಮಾಡುತ್ತಿದೆ.

ಬಾಲ ಕತ್ತರಿಸಿದ ಮೇಲೆ

ಭಾರತದಲ್ಲಿ ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆಯಿತು. ಮರುವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕಾಫಿಯ ಜೊತೆ ಅಂತರ್ಜಾಲವನ್ನೂ ಒದಗಿಸುವ 'ಕೆಫೆ ಕಾಫಿ ಡೇ'ಯ ಮೊದಲ ಮಳಿಗೆ ಶುರುವಾಯಿತು. ಅದೇ 1996ರಲ್ಲಿ ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ ಆರಂಭಿಸಿದ ಹಾಟ್‌ಮೇಲ್‌ನಿಂದ ಇ-ಮೇಲ್ ಉಚಿತವಾಯಿತು. ನಮ್ಮಲ್ಲಿ ಸೋಜಿಗಗಳು ಓಡಾಡಿದ್ದು ಹೆಚ್ಚಾಗಿ ಕೊಂಡಿಗಳಾಗಿ ಅಲ್ಲ, ಇ-ಮೇಲ್ 'ಫಾರ್ವರ್ಡ್'ಗಳಾಗಿ. ಜಾಲದ ಸಮಯ ದುಬಾರಿ. ಪುಟ ತೆರೆದು ಕೂರುವುದಕ್ಕಿಂತ ಬಂದದ್ದನ್ನು ಓದಿ ಮುಂದಕ್ಕೆ ತಳ್ಳುವುದು ಅಗ್ಗ.

ಕನ್ನಡಕ್ಕೆ ಇನ್ನೊಂದು ತೊಡಕಿತ್ತು. ಒಬ್ಬರು ಒಂದು ಫಾಂಟಿನಲ್ಲಿ ಬರೆದ ಕನ್ನಡ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತಿತ್ತು. 1998ರಲ್ಲಿ 'ಬರಹ' ತಂತ್ರಾಂಶ ಬಂತು. ಆಮೇಲೆ ಯೂನಿಕೋಡ್ ನಿಧಾನವಾಗಿ ರೂಢಿಯಾಯಿತು. ಅಲ್ಲಿಯವರೆಗೆ ಕನ್ನಡದ ಬರಹವನ್ನು ಚಿತ್ರವಾಗಿಸಿ ಕಳುಹಿಸುವುದು ಸುಲಭದ ಉಪಾಯವಾಗಿತ್ತು. ಚಿತ್ರಕ್ಕೆ ಕೊಂಡಿ ಇರುವುದಿಲ್ಲ. ಅದನ್ನು ಎಲ್ಲಿಂದ ಎತ್ತಿದರೆಂದು ಕೇಳಿದರೆ ಅದು ಬಾಯಿ ಬಿಡುವುದಿಲ್ಲ.

ಆಮೇಲೆ ಮೊಬೈಲ್ ಬಂತು, ವಾಟ್ಸ್‌ಆ್ಯಪ್ ಬಂತು. ಇಲ್ಲಿ ಚಲಿಸುವುದು ವಿಳಾಸವಲ್ಲ, ವಸ್ತುವೇ. ಅಂಗಳಕ್ಕೆ ಕರೆದೊಯ್ಯುವ ಬದಲು ಅಂಗಳದಿಂದ ಗಿಡವನ್ನೇ ಕಿತ್ತು ಕೈಗಿಡುವ ಕ್ರಮ. ಬೇರು ಅಲ್ಲೇ ಉಳಿಯಿತು.

ದೀಪಾವಳಿ ಬಂತೆಂದರೆ ನಮ್ಮೆಲ್ಲರ ಮೊಬೈಲಿಗೆ ಬರುವ ಚಿತ್ರವೊಂದಿದೆ. ಕತ್ತಲಲ್ಲಿ ಬಣ್ಣ ಬಣ್ಣದ ಬೆಳಕಿನಲ್ಲಿ ಹೊಳೆಯುವ ಭಾರತದ ನಕ್ಷೆ. 'ದೀಪಾವಳಿಯ ರಾತ್ರಿ ಬಾಹ್ಯಾಕಾಶದಿಂದ ನಾಸಾ ತೆಗೆದ ಚಿತ್ರ' ಎಂಬ ಒಕ್ಕಣೆ. ನಿಜವಾಗಿ ಅದು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯ ವಿಜ್ಞಾನಿ ಕ್ರಿಸ್ ಎಲ್ವಿಜ್ 2003ರಲ್ಲಿ ಉಪಗ್ರಹಗಳ ಮಾಹಿತಿಯಿಂದ ರಚಿಸಿದ ಚಿತ್ರ. 1992ಕ್ಕಿಂತ ಮೊದಲೇ ಇದ್ದ ದೀಪಗಳಿಗೆ ಬಿಳಿ, 1992ರಲ್ಲಿ ಕಾಣಿಸಿಕೊಂಡವಕ್ಕೆ ನೀಲಿ, 1998ರವಕ್ಕೆ ಹಸಿರು, 2003ರವಕ್ಕೆ ಕೆಂಪು ಬಣ್ಣ ಹಚ್ಚಲಾಗಿತ್ತು. ಊರುಗಳು ಹೇಗೆ ಬೆಳೆದವು, ವಿದ್ಯುತ್ ಎಲ್ಲೆಲ್ಲಿ ಹರಡಿತು ಎಂಬುದರ ಲೆಕ್ಕ ಅದು. 2012ರ ನವೆಂಬರಿನಲ್ಲಿ ನಾಸಾ ಇದನ್ನು ವಿವರಿಸಿತು. ಹಬ್ಬದ ರಾತ್ರಿಯ ಹೆಚ್ಚುವರಿ ಬೆಳಕು ಬಾಹ್ಯಾಕಾಶದಿಂದ ಗುರುತಿಸಲಾಗದಷ್ಟು ಅಲ್ಪವೆಂದೂ ಹೇಳಿತು.

ಇಲ್ಲಿ ಆದ ನಷ್ಟವೇನು? ಸುಳ್ಳೊಂದು ಹರಡಿತು ಎಂಬುದಷ್ಟೇ ಅಲ್ಲ. ಹತ್ತು ವರ್ಷಗಳಲ್ಲಿ ನಮ್ಮ ದೇಶದ ಹಳ್ಳಿ ಪಟ್ಟಣಗಳು ಬೆಳಕು ಕಂಡ ಕತೆ ಆ ಬಣ್ಣಗಳಲ್ಲಿತ್ತು. ಚಿತ್ರದ ಕೆಳಗಿನ ವಿವರಣೆ ಕತ್ತರಿಸಿಹೋದಾಗ ಆ ನಿಜವಾದ ಸೋಜಿಗವೂ ಕತ್ತರಿಸಿಹೋಯಿತು. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠವೆಂದು ಘೋಷಿಸಿದೆ ಎಂಬ ಸಂದೇಶವೂ ಇದೇ ಜಾತಿಯದು. 2008ರಲ್ಲೇ ಯುನೆಸ್ಕೊ ಅಂಥ ಘೋಷಣೆ ಮಾಡಿಲ್ಲವೆಂದು ಹೇಳಿದರೂ ಸಂದೇಶದ ಯಾತ್ರೆ ನಿಂತಿಲ್ಲ. ಯಾರದೋ ಮನ್ನಣೆ ಸಿಕ್ಕಿತೆಂಬ ಸುಳ್ಳಿನಿಂದ ಆ ಗೀತೆಗೆ ಸಿಗುವ ಗೌರವವಾದರೂ ಏನು?

2018ರ ಪಾಠ

ಇವೆಲ್ಲ ನಿರುಪದ್ರವಿ ಎಂದುಕೊಂಡಿದ್ದ ಕಾಲ 2018ಕ್ಕೆ ಮುಗಿಯಿತು. ಆ ವರ್ಷ ಒಂದು ವಿಡಿಯೊ ದೇಶದಾದ್ಯಂತ ಮೊಬೈಲುಗಳಲ್ಲಿ ಹರಿದಾಡಿತು. ಬೀದಿಯಲ್ಲಿ ಆಡುತ್ತಿರುವ ಮಕ್ಕಳು. ಬೈಕಿನಲ್ಲಿ ಬಂದ ಇಬ್ಬರು ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಮಕ್ಕಳ ಕಳ್ಳರು ನಮ್ಮ ಊರಿಗೂ ಬಂದಿದ್ದಾರೆ ಎಂಬ ಎಚ್ಚರಿಕೆ ಅದರ ಜೊತೆಗೆ.

ಆ ವಿಡಿಯೊ ಪಾಕಿಸ್ತಾನದ ಕರಾಚಿಯದು. ಕಳೆದುಹೋದ ಮಕ್ಕಳಿಗಾಗಿ ದುಡಿಯುವ ಸಂಸ್ಥೆಯೊಂದು ಪೋಷಕರಲ್ಲಿ ಜಾಗೃತಿ ಮೂಡಿಸಲು ಮಾಡಿಸಿದ್ದ ಕಿರುಚಿತ್ರ. ಅದರ ಕೊನೆಯಲ್ಲಿ ಬೈಕಿನವರು ಮರಳಿ ಬಂದು ಮಗುವನ್ನು ಇಳಿಸುತ್ತಾರೆ. ಮಗುವನ್ನು ಕದಿಯಲು ಒಂದು ಕ್ಷಣ ಸಾಕು ಎಂಬ ಅರ್ಥದ ಫಲಕ ತೋರಿಸುತ್ತಾರೆ. ಮಕ್ಕಳನ್ನು ಕಾಪಾಡಲು ಮಾಡಿದ ಚಿತ್ರ ಅದು. ಯಾರೋ ಆ ಕೊನೆಯ ಭಾಗವನ್ನು ಕತ್ತರಿಸಿ ಹಾಕಿದ್ದರು. ಉಳಿದದ್ದು ಭಯ ಮಾತ್ರ.

ಅಂಥ ವದಂತಿಗಳಿಂದ ಆ ವರ್ಷ ಹಲವು ರಾಜ್ಯಗಳಲ್ಲಿ ಅಮಾಯಕರು ಗುಂಪುಗಳ ಕೈಗೆ ಸಿಕ್ಕಿ ಸತ್ತರು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನೊಬ್ಬ ಹೀಗೆ ಬಲಿಯಾದ. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟ ಪ್ರವಾಸಿ ಗೆಳೆಯರನ್ನು ಮಕ್ಕಳ ಕಳ್ಳರೆಂದು ಶಂಕಿಸಿ ಗುಂಪು ಬೆನ್ನಟ್ಟಿತು. ಅವರ ಚಿತ್ರಗಳು ಅವರಿಗಿಂತ ವೇಗವಾಗಿ ಮೊಬೈಲಿನಿಂದ ಮೊಬೈಲಿಗೆ ಓಡಿ ಮುಂದಿನ ಊರನ್ನು ತಲುಪಿದ್ದವು. ಹೈದರಾಬಾದಿನ ಒಬ್ಬ ಎಂಜಿನಿಯರ್ ಪ್ರಾಣ ಕಳೆದುಕೊಂಡ.

ಅದೇ ಜುಲೈಯಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆ ಮುಂದಕ್ಕೆ ಕಳುಹಿಸಿದ ಸಂದೇಶಕ್ಕೆ 'ಫಾರ್ವರ್ಡ್ ಆದದ್ದು' ಎಂಬ ಗುರುತು ಹಚ್ಚಿತು. ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸುವ ಮಿತಿ ಹೇರಿತು. 2020ರಲ್ಲಿ, ಬಹಳ ಸಲ ಕೈ ಬದಲಾಯಿಸಿದ ಸಂದೇಶಕ್ಕೆ ಒಮ್ಮೆಗೆ ಒಂದೇ ಕಡೆ ಎಂಬ ನಿಯಮ ಬಂತು. ಇವು ಓಟವನ್ನು ನಿಧಾನಿಸುವ ಉಪಾಯಗಳು. ಸಂದೇಶ ಬೇರೆಲ್ಲಿಂದಲೋ ಬಂದಿದೆ ಎಂದು ಆ ಗುರುತು ಹೇಳ��ತ್ತದೆ. ಎಲ್ಲಿಂದ ಎಂದು ಹೇಳುವುದಿಲ್ಲ.

ನಗೆಹನಿಗೂ ವಿಳಾಸ ಬೇಕೆ?

ಇಲ್ಲೊಂದು ಆಕ್ಷೇಪ ಏಳಬಹುದು. ನಮ್ಮ ಗಾದೆಗಳಿಗೆ ಕರ್ತೃ ಯಾರು? ಒಗಟುಗಳನ್ನು ಕಟ್ಟಿದವರು ಯಾರು? ಅಜ್ಜಿ ಹೇಳಿದ ಕತೆಗೆ ವಿಳಾಸ ಕೇಳುವವರುಂಟೆ? ಬಾಯಿಂದ ಬಾಯಿಗೆ ಹರಿದು ಸವೆದು ನುಣುಪಾಗುವುದೇ ಜನಪದದ ಸೊಗಸಲ್ಲವೆ? ಮಾತು ಸರಿಯೇ. ಕಚೇರಿಗಳಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದ ಜೆರಾಕ್ಸ್ ನಗೆಹಾಳೆಗಳನ್ನೂ ಜನಪದವೆಂದೇ ಪರಿಗಣಿಸಿ ವಿದ್ವಾಂಸ ಅಲನ್ ಡಂಡೆಸ್ ತನ್ನ ಸಹಲೇಖಕನೊಡನೆ 1975ರಲ್ಲಿ ಪುಸ್ತಕವನ್ನೇ ತಂದಿದ್ದ. ನಗೆಹನಿಯೊಂದನ್ನು ಹಂಚುವವನಿಗೆ ಪುಟ ಸಂಖ್ಯೆ ಕೇಳುವುದು ಅರಸಿಕತನ.

ಆದರೆ ಗಾದೆ 'ಇದು ನಿನ್ನೆ ನಿಮ್ಮ ಪಕ್ಕದ ಊರಿನಲ್ಲಿ ನಡೆಯಿತು' ಎನ್ನುವುದಿಲ್ಲ. ಅಜ್ಜಿಯ ಕತೆ 'ಒಂದಾನೊಂದು ಊರಿನಲ್ಲಿ' ಎಂದೇ ಶುರುವಾಗುತ್ತದೆ. ಅದು ಕತೆ ಎಂಬ ಎಚ್ಚರ ಕೇಳುವ ಮಗುವಿಗೂ ಇರುತ್ತದೆ. ಒಂದು ಸಂಗತಿ ನಿಜವೆಂದು ಹೇಳಿಕೊಂಡು ಬಂದಾಗ, ಒಂದು ಚಿತ್ರ ಇಂಥ ಜಾಗದ್ದು, ಇಂಥ ದಿನದ್ದು ಎಂದು ಬಂದಾಗ ಲೆಕ್ಕ ಬೇರೆ. ಮಾಡಿದವನ ಪಾಲೂ ಇದರಲ್ಲಿದೆ. ವ್ಯಂಗ್ಯಚಿತ್ರದ ಮೂಲೆಯ ಸಹಿ ಕತ್ತರಿಸಿದವನು ಕಲಾವಿದನ ದುಡಿಮೆಯನ್ನೇ ಕತ್ತರಿಸುತ್ತಾನೆ. 2012ರಲ್ಲಿ ಮರಿಯಾ ಪೊಪೊವಾ ಎಂಬ ಲೇಖಕಿ, ಹುಡುಕಿಕೊಟ್ಟವರನ್ನು ನೆನೆಯಲು ಎರಡು ವಿಶೇಷ ಚಿಹ್ನೆಗಳನ್ನು ಬಳಸೋಣವೆಂದು ಸೂಚಿಸಿದರು. ಅದು ರೂಢಿಗೆ ಬರಲಿಲ್ಲ. ಸೌಜನ್ಯಕ್ಕೆ ಹೊಸ ಚಿಹ್ನೆಗಿಂತ ಹಳೆಯ ಅಭ್ಯಾಸವೇ ಆಧಾರ.

ಆ ಅಭ್ಯಾಸ ಕಷ್ಟದ್ದೇನಲ್ಲ. ಸ್ವಾರಸ್ಯದ ಚಿತ್ರವೊಂದು ಬಂದಾಗ ಅದರದೇ ನೆರವಿನಿಂದ ಜಾಲದಲ್ಲಿ ಹಿಮ್ಮುಖವಾಗಿ ಹುಡುಕಿ, ಮೊದಲು ಎಲ್ಲಿ ಪ್ರಕಟವಾಗಿತ್ತು ಎಂದು ನೋಡುವ ಸೌಲಭ್ಯ ಇಂದು ಮೊಬೈಲಿನಲ್ಲೇ ಇದೆ. ಪರ್ಲ್‌ರಾತ್ ದಿನಗಟ್ಟಲೆ ಮಾಡುತ್ತಿದ್ದ ಕೆಲಸ ಎಷ್ಟೋ ಸಲ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಸಿಕ್ಕರೆ ಚಿತ್ರದ ಬದಲು ಕೊಂಡಿಯನ್ನೇ ಕಳುಹಿಸಬಹುದು. ಕೊಂಡಿ ಸಿಗದಿದ್ದರೆ 'ಇಂಥವರು ಕಳುಹಿಸಿದ್ದು, ಮೂಲ ಗೊತ್ತಿಲ್ಲ' ಎಂದು ಒಂದು ಸಾಲು ಸೇರಿಸಬಹುದು. ಆ ಒಂದು ಸಾಲು ಓದಿದವನು ಕೋಲು ಹಿಡಿಯುವ ಮೊದಲು ಕ್ಷಣಕಾಲವಾದರೂ ನಿಲ್ಲುತ್ತಾನೆ.

ಕೇಂಬ್ರಿಜಿನ ಕಾಫಿ ಪಾತ್ರೆಯನ್ನು ನೋಡಿದ ಲಕ್ಷಾಂತರ ಜನರಿಗೆ ಅದರಿಂದ ಯಾವ ಲಾಭವೂ ಆಗಲಿಲ್ಲ, ಯಾರಿಗೂ ನಷ್ಟವೂ ಆಗಲಿಲ್ಲ. ಪಾತ್ರೆ ಎಲ್ಲಿದೆ, ಯಾರದು, ಯಾಕೆ ಅಲ್ಲಿದೆ ಎಂಬುದು ನೋಡಿದ ಎಲ್ಲರಿಗೂ ಗೊತ್ತಿತ್ತು. ವಿಸ್ಮಯಪಡಲು ಅಷ್ಟು ತಿಳಿದಿದ್ದರೆ ಅಡ್ಡಿಯಾಗುವುದಿಲ್ಲ. ಓಲೆ ವರ್ಮನ ಕೋಣೆಗೆ ಬಂದ ಅತಿಥಿಗಳು ಆ ಹಲ್ಲನ್ನು ನೋಡಿ, ಅದು ಕುದುರೆಯ ಕೊಂಬಲ್ಲವೆಂದು ತಿಳಿದ ಮೇಲೂ ಬೆರಗಾಗಿಯೇ ಮನೆಗೆ ಹೋಗಿರಬೇಕು.